ದೀನವ್ವನ ಹೆಸರು ಓದುವ ಹೊತ್ತು

ಗಜೇಂದ್ರಗಡ
ಮಂಗಳವಾರ, ೧೩ ಆಗಸ್ಟ್ ೨೦೨೪

ಸುವಾರ್ತಾಳ ಅಪ್ಪನಿಗೆ ಸಲೋಮಿ ಮಾಡುವ ಸಲಾಂ.

ಮೊದಲು ಮೊಣಕಾಲಿನ ಸುದ್ದಿ ಬರೆಯಿರಿ. ಹೊಲಿಗೆ ಹಾಕಿದ ಕಡೆ ಕೆರೆತ ಕಡಿಮೆಯಾಯಿತೆ? ದಿನಕ್ಕೆ ಮೂರು ಸಲ ಕಾಲು ಮಡಚಿ ಚಾಚಬೇಕೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದಾರೆ. ಮಾಡುತ್ತಿದ್ದೀರೋ, ಇಲ್ಲ ಅದನ್ನೂ ದೇವರ ಚಿತ್ತಕ್ಕೆ ಬಿಟ್ಟು ಮಗಳ ಮನೆಯ ಕಟ್ಟೆಯ ಮೇಲೆ ನರಗುಂದದ ಗುಡ್ಡ ನೋಡುತ್ತ ಕೂತಿದ್ದೀರೋ? ಸುವಾರ್ತಾ ಪಾಠ ಹೇಳಲು ಶಾಲೆಗೆ ಹೋದ ಮೇಲೆ ಶೇಂಗಾ ಉಂಡಿಯ ಡಬ್ಬಿ ತಾನಾಗಿಯೇ ಖಾಲಿಯಾಗುತ್ತದೆ ಎಂದು ಅಳಿಯ ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರ ಗಾಯ ಬೇಗ ಮಾಯುವುದಿಲ್ಲವೆಂದು ಮೂವತ್ತೊಂದು ವರ್ಷ ನರ್ಸಬಾಯಿಯಾಗಿ ಹಳ್ಳಿಹಳ್ಳಿಗೆ ಹೇಳುತ್ತ ತಿರುಗಿದವಳು ನಾನು. ಊರಿಗೆಲ್ಲ ಹೇಳಿ ಗೆದ್ದೆ, ನಿಮಗೆ ಹೇಳಿ ಗೆಲ್ಲಲಿಲ್ಲ. ನಾನು ಇಲ್ಲಿ ಚೆನ್ನಾಗಿದ್ದೇನೆ, ಅಂದರೆ ಮೈ ಚೆನ್ನಾಗಿದೆ. ಮನಸ್ಸಿನ ಮಾತು ಬೇರೆ. ಶನಿವಾರದಿಂದ ನನಗೆ ಬಂದಿರುವ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ ಎಂದು ಕಾಗದ ಹಿಡಿದಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ನೀವು ಟಿವಿ ನೋಡುತ್ತ “ಹೂಂ, ಹೂಂ” ಎನ್ನುತ್ತೀರಿ. ಮಾತು ಸ್ವಲ್ಪ ಖಾರವಾದರೆ “ತಡಿ, ಸುವಾರ್ತಾ ಮಾತಾಡ್ತಾಳಂತ” ಎಂದು ಅವಳ ಕೈಗೆ ದಾಟಿಸುತ್ತೀರಿ. ಕಾಗದಕ್ಕೆ ಹೂಂ ಎನ್ನಲು ಬರುವುದಿಲ್ಲ, ಯಾರ ಕೈಗೂ ದಾಟಿಸಲೂ ಬರುವುದಿಲ್ಲ. ದಯವಿಟ್ಟು ನೀವೇ ಓದಿ, ಕೊನೆಯವರೆಗೂ ಓದಿ. ಸಭೆಯ ಸುತ್ತೋಲೆ ಬಂದಾಗ ಮಾಡುವಂತೆ ಮೊದಲ ನಾಲ್ಕು ಸಾಲು ನೋಡಿ ಮಡಚಿಡಬೇಡಿ.

ನಿಮ್ಮ ಸನ್ಮಾನಪತ್ರದ ಕರಡನ್ನು ನಮ್ಮ ಸಭೆಯ ಯೋಬಪ್ಪ ಕಳೆದ ವಾರವೇ ತಂದುಕೊಟ್ಟ. ಸೆಪ್ಟೆಂಬರ್ ಒಂದು, ಭಾನುವಾರ. ನೀವು ಈ ಸಭೆಯ ಹಿರಿಯರಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ನಿಮಗೆ ಶಾಲು, ನನಗೆ ಇಳಕಲ್ಲ ಸೀರೆ, ಇಬ್ಬರನ್ನೂ ಕುರ್ಚಿಯಲ್ಲಿ ಕೂಡಿಸಿ ಹಾರ ಹಾಕುವ ಕಾರ್ಯಕ್ರಮ. ಬೆಟಗೇರಿಯಿಂದ ಪಾದ್ರಿ ಅಯ್ಯನವರು ಬಂದು ಶಾಲು ಹೊದಿಸುತ್ತಾರಂತೆ. ಕರಡಿನ ಮೂರನೆಯ ಸಾಲು ಹೀಗಿದೆ: “ರೋಗಿಗಳ ಮನೆಬಾಗಿಲಿಗೆ ನಡೆದು ಹೋಗಿ, ದಿಕ್ಕಿಲ್ಲದವರ ಕಣ್ಣೀರು ಒರೆಸಿದ ನಿಮ್ಮ ಸೇವೆ ನಮಗೆಲ್ಲ ಮಾದರಿ.” ಇದರಲ್ಲಿ ಕಾಗುಣಿತ ತಿದ್ದಿ ಪ್ರೆಸ್ಸಿಗೆ ಕೊಡು ಎಂದು ನೀವು ಫೋನಿನಲ್ಲಿ ಹೇಳಿದಿರಿ. ಕಾಗುಣಿತ ಸರಿಯಾಗಿಯೇ ಇದೆ. ಪ್ರೆಸ್ಸಿಗೆ ನಾನು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆ ಶಾಲನ್ನು ನೀವು ಹೊದೆಯಬಾರದು. ಏಕೆಂದು ಕೇಳಿದರೆ, ಮುಶಿಗೇರಿಯ ದೀನವ್ವ ಸತ್ತು ಎಂಟು ತಿಂಗಳಾಯಿತು.

ಹೌದು, ಅದೇ ದೀನವ್ವ. ನಾವು ಪ್ರತಿ ಭಾನುವಾರ ಯಾರ ಸ್ವಸ್ಥತೆಗಾಗಿ ಬೇಡಿಕೊಂಡು ಆಮೆನ್ ಅನ್ನುತ್ತೇವೋ ಆಕೆ. ಈ ಜುಲೈಯಲ್ಲೂ ಬೇಡಿಕೊಂಡೆವು. ಆಗಸ್ಟ್ ನಾಲ್ಕರಂದು ನಿಮ್ಮ ಬದಲಿಗೆ ನಿಂತು ನಾನೇ ಓದಿದೆ: “ಮುಶಿಗೇರಿಯ ದೀನವ್ವನವರು ಲಕ್ವಾದಿಂದ ಬೇಗ ಎದ್ದು ನಡೆದಾಡುವಂತೆ.” ಹನ್ನೊಂದು ಮನೆಯವರೂ ಆಮೆನ್ ಅಂದರು. ಆಕೆ ಆಗ ಮಣ್ಣಿನಲ್ಲಿದ್ದಳು. ಅಯ್ಯನವರು ತಿಂಗಳಿಗೊಮ್ಮೆ ಬರುತ್ತಾರೆ, ಅವರಿಗೆ ಗೊತ್ತಿಲ್ಲ ಎಂದರೆ ಒಪ್ಪಬಹುದು. ನಮಗೇನಾಗಿತ್ತು?

ನಿಮ್ಮ ಪ್ರಾರ್ಥನೆಯ ಪಟ್ಟಿಯ ಮೇಲೆಯೇ ನನಗೆ ಮೊದಲ ಸಿಟ್ಟು. ಮುಂಚೆ ನೀವು ಪ್ರತಿ ಶನಿವಾರ ಸಂಜೆ ಕೂತು ಹೊಸದಾಗಿ ಬರೆಯುತ್ತಿದ್ದಿರಿ. ಯಾರು ಎದ್ದರು, ಯಾರು ಬಿದ್ದರು ಎಂದು ನನ್ನನ್ನು ಕೇಳಿ ಕೇಳಿ ಬರೆಯುತ್ತಿದ್ದಿರಿ. ಎರಡು ವರ್ಷದ ಹಿಂದೆ ಏನು ಬುದ್ಧಿ ಬಂತೋ, ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ ಅದಕ್ಕೆ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದಿರಿ. “ಇನ್ನ ಹರಿಯಂಗಿಲ್ಲ, ತೊಯ್ಯಂಗಿಲ್ಲ” ಎಂದು ಹೆಮ್ಮೆಯಿಂದ ತೋರಿಸಿದಿರಿ. ನಾನೂ ಚಲೋ ಮಾಡಿದಿರಿ ಎಂದೆ. ಈಗ ಅದನ್ನು ಕೈಯಲ್ಲಿ ಹಿಡಿದು ಒಂದೊಂದೇ ಹೆಸರು ನೋಡಿದೆ. ತಿಮೊಥಿಯ ಮಗ ಎಸ್ಸೆಸ್ಸೆಲ್ಸಿ ಪಾಸಾಗಲಿ ಎಂದಿದೆ. ಅವನು ಪಾಸಾಗಿ, ಐಟಿಐ ಸೇರಿ, ರೋಣದಲ್ಲಿ ಮೋಟರ್ ರಿಪೇರಿ ಕಲಿಯುತ್ತಿದ್ದಾನೆ. ಯೋಬಪ್ಪನ ಸೊಸೆಗೆ ಸಂತಾನಭಾಗ್ಯ ದೊರೆಯಲಿ ಎಂದಿದೆ; ಆ ಕೂಸು ಪ್ರತಿ ಭಾನುವಾರ ಪೀಠದ ಮುಂದೆ ಓಡಾಡಿ ನಿಮ್ಮ ಕನ್ನಡಕ ಎಳೆಯುತ್ತದೆ. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡೇ ಆ ತಾಯಿ ತನಗೆ ಕೂಸಾಗಲೆಂದು ಆಮೆನ್ ಅನ್ನುತ್ತಾಳೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಾವು ಎರಡು ವರ್ಷ ಕಣ್ಣು ಮುಚ್ಚಿ, ತಲೆ ಬಾಗಿಸಿ, ಗಿಣಿಗಳ ಹಾಗೆ ಓದಿದ್ದೇವೆ.

ದೀನವ್ವನ ಮುಖ ನಿಮಗೆ ನೆನಪಿದೆಯೆ? ಮೊದಲ ಬಸ್ಸಿಗೆ ಬಂದು ಬಾಗಿಲ ಪಕ್ಕದ ಚಾಪೆಯ ಮೇಲೆ ಕೂಡುತ್ತಿದ್ದಳು. ಮುಶಿಗೇರಿಯಲ್ಲಿ ನಮ್ಮವರದೆಂದು ಇದ್ದದ್ದು ಅದೊಂದೇ ಮನೆ. ಗಂಡ ಸತ್ತು, ಮಕ್ಕಳಿಲ್ಲದೆ, ಅಂಗನವಾಡಿಯಲ್ಲಿ ಆಯಾ ಆಗಿ ಊರಿನ ಅರ್ಧ ಮಕ್ಕಳಿಗೆ ಉಣ್ಣಿಸಿ ಬೆಳೆಸಿದವಳು. ಚೀಲದಲ್ಲಿ ಗುರೆಳ್ಳು ಚಟ್ನಿಯ ಪುಡಿ ಇಲ್ಲದೆ ಬಂದದ್ದೇ ಇಲ್ಲ. ಹಾಡುವಾಗ ಎಲ್ಲರಿಗಿಂತ ಒಂದು ಸಾಲು ಹಿಂದೆ ಇರುತ್ತಿದ್ದಳು. ನಾವು ಮುಗಿಸಿ ಕೂತ ಮೇಲೂ ಆಕೆಯದು ಒಂದು ಸಾಲು ಉಳಿದಿರುತ್ತಿತ್ತು, ಅದನ್ನು ಗಟ್ಟಿಯಾಗಿ ಪೂರ್ತಿ ಮಾಡಿಯೇ ಕೂಡುತ್ತಿದ್ದಳು. ಲಕ್ವಾ ಹೊಡೆದು ಆಕೆ ಬರುವುದು ನಿಂತ ಮೇಲೆ, “ಈಗ ನಮ್ಮ ಹಾಡು ಭಾಳ ಸುಧಾರಿಸೇತಿ” ಎಂದು ಯಾರೋ ಅಂದರು. ನೀವು ತಲೆಯಾಡಿಸಿದಿರಿ. ಆ ದಿನವೂ ನಾನು ಪಕ್ಕದಲ್ಲೇ ಇದ್ದೆ.

ಒಮ್ಮೆ ಹೋಗಿದ್ದೆವು, ಇಲ್ಲವೆನ್ನುವುದಿಲ್ಲ. ಲಕ್ವಾ ಹೊಡೆದ ಮೊದಲ ವಾರ ಹದಿನಾರು ಜನ ಟೆಂಪೋ ಮಾಡಿಕೊಂಡು ಹೋದೆವು. ಬ್ರೆಡ್ಡು, ಬಾಳೆಹಣ್ಣು, ಹಾಡು, ಪ್ರಾರ್ಥನೆ, ಗುಂಪಿನ ಫೋಟೋ. ಫೋಟೋ ಸಭೆಯ ವಾಟ್ಸಾಪಿನಲ್ಲಿ ಬಂತು, ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು. ಮೂರು ವರ್ಷ ದಾಟಿತು ಅದಕ್ಕೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಈಗಂತೂ ಹೆಂಗಸರಿಗೆ ಟಿಕೆಟ್ಟೂ ಇಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಆದರೂ ಒಬ್ಬರೂ ಹೋಗಲಿಲ್ಲ. ಯಾರಾದರೂ “ದೀನವ್ವ ಹ್ಯಾಂಗದಾಳ್ರಿ ಮಾಸ್ತರ?” ಎಂದು ಕೇಳಿದರೆ ನಿಮ್ಮ ಉತ್ತರ ಸಿದ್ಧವಿರುತ್ತಿತ್ತು: “ಪ್ರಾರ್ಥನಾದಾಗ ಇಟ್ಟೀವಿ.” ಕಚೇರಿಯ ಗುಮಾಸ್ತರು “ನೋಡೋಣ” ಅನ್ನುವ ಹಾಗೆ ನೀವು ಇದನ್ನು ಅನ್ನುತ್ತೀರಿ. ಅರ್ಜಿ ತಂದವರು ಮುಂದೆ ಮಾತಾಡುವ ಹಾಗಿಲ್ಲ.

ನನಗೆ ಗೊತ್ತಾದದ್ದು ಹೇಗೆ ಎಂದು ಹೇಳುತ್ತೇನೆ. ಕಳೆದ ವಾರ ಸಂತೆಯಲ್ಲಿ ಖಾಜಾಬಿ ಸಿಕ್ಕಳು. ದೀನವ್ವನ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ನರ್ಸಬಾಯಿಯಾಗಿದ್ದಾಗ ಅವಳ ಬಾಣಂತನಕ್ಕೆ ಹೋದವಳು ನಾನೇ. ಹೊಸ ಹೆಸರುಕಾಳು ಮಾರಲು ತಂದಿದ್ದಳು. ಒಂದು ಕಿಲೋ ತೂಗಿಸಿಕೊಳ್ಳುತ್ತ, ಬಾಯಿಮಾತಿಗೆ ಕೇಳುವಂತೆ, ದೀನವ್ವ ಹೇಗಿದ್ದಾಳೆ ಎಂದು ಕೇಳಿದೆ. ತಕ್ಕಡಿ ಹಿಡಿದ ಕೈ ಹಾಗೇ ನಿಂತಿತು. “ಯಾ ಅಲ್ಲಾ! ಆಕಿ ಹೋಗಿ ಎಂಟ ತಿಂಗಳಾತಲ್ರಿ ಬಾಯಾರ. ನಿಮಗ ಗೊತ್ತಿಲ್ಲೇನ?” ಎಂದಳು. ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಲು ಹೋದಳು: “ನೀವ್ಯಾರೂ ಮಣ್ಣಿಗೆ ಬರಲಿಲ್ಲಲ್ರಿ, ನಿಮ್ಮ ಕಡೆ ಹಂಗ ಪದ್ಧತಿ ಇರಬೇಕು ಅಂತ ತಿಳಕೊಂಡ್ವಿ.” ನಮ್ಮ ಪದ್ಧತಿ! ಅವಳು ಚುಚ್ಚಲು ಹೇಳಿದ್ದಲ್ಲ, ಖರೇ ಹಾಗೆಂದೇ ನಂಬಿದ್ದಳು. ಪೀಠದಿಂದ ನೀವು ಇಪ್ಪತ್ತೈದು ವರ್ಷ ಮಾಡಿದ ಪ್ರಸಂಗಗಳಿಂದ ಮುಶಿಗೇರಿ ನಮ್ಮ ಬಗ್ಗೆ ಕಲಿತದ್ದು ಇಷ್ಟೇ.

ಶನಿವಾರ ಮುಶಿಗೇರಿಗೆ ಹೋದೆ. ಖಾಜಾಬಿ, ಟಂಟಂ ರಿಕ್ಷಾ ಓಡಿಸುವ ಅವಳ ಮಗ ಸಾಜೀದ, ಎದುರು ಮನೆಯ ರೈತ ಗುರುಸಂಗಪ್ಪ, ಮೂವರೂ ಖಾಜಾಬಿಯ ಅಂಗಳದಲ್ಲಿ ಕೂತು ಎಲ್ಲವನ್ನೂ ಹೇಳಿದರು. ಯಾರೊಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಎರಡೂವರೆ ವರ್ಷ ಖಾಜಾಬಿ ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನಿಸಿದ್ದಾಳೆ. ಗುರುಸಂಗಪ್ಪನ ಮನೆಯವರು ಮೈ ತೊಳೆಸಿ ಸೀರೆ ಬದಲಿಸಿದ್ದಾರೆ. ಅಂಗನವಾಡಿಯಲ್ಲಿ ತನಗೆ ತುತ್ತು ಇಟ್ಟ ಕೈಯೆಂದು ಸಾಜೀದ ಆಕೆಯನ್ನು ಎತ್ತಿಕೊಂಡು ರೋಣದ ದವಾಖಾನೆಗೆ ಎಷ್ಟು ಸಲ ಒಯ್ದನೋ ಅವನಿಗೇ ಲೆಕ್ಕವಿಲ್ಲ. ಬೆನ್ನಿನಲ್ಲಿ ಒಂದೂ ಹುಣ್ಣು ಆಗಗೊಡಲಿಲ್ಲವಂತೆ. ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆ ಕೆಲಸ ನನ್ನದಾಗಿತ್ತು, ನಾನು ಅದನ್ನು ಕಲಿತವಳು. ಪಿಂಚಣಿ ತಗೊಂಡು ಮನೆಯಲ್ಲಿ ಕೂತಿದ್ದೆ.

ಇದನ್ನೂ ಕೇಳಿ. ದೀನವ್ವನ ಬಲಗೈ ಆಡುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಆದರೆ ವಾರ ಮರೆಯುತ್ತಿರಲಿಲ್ಲ. ಭಾನುವಾರ ಹನ್ನೆರಡಕ್ಕೆ ಖಾಜಾಬಿಯನ್ನು ಕರೆದು ತನ್ನನ್ನು ಗೋಡೆಗೆ ಆನಿಸಿ ಕೂಡಿಸಿಕೊಳ್ಳುತ್ತಿದ್ದಳಂತೆ. “ನನ್ನ ಹೆಸರ ಓದೂ ಹೊತ್ತಾತು. ಸೆರಗ ಹೊಚ್ಚವಾ” ಎನ್ನುತ್ತಿದ್ದಳಂತೆ. ಖಾಜಾಬಿ ತಲೆಯ ಮೇಲೆ ಸೆರಗು ಹೊದಿಸಬೇಕು, ಆಕೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂಡಬೇಕು, ಆಮೇಲೆ ಆಮೆನ್ ಎಂದು ಮಲಗಿಸಲು ಹೇಳಬೇಕು. ಖಾಜಾಬಿ ನನಗೆ ಆ ಗೋಡೆಯನ್ನು ತೋರಿಸಿದಳು. ತಲೆಯ ಎಣ್ಣೆ ಹತ್ತಿ ಒಂದು ಕಡೆ ಕಪ್ಪಗಾಗಿದೆ. ನೀವು ಇಲ್ಲಿ ಗಡಿಯಾರ ನೋಡುತ್ತ, ಊಟಕ್ಕೆ ಹೊತ್ತಾಯಿತೆಂದು ಹನ್ನೊಂದು ಹೆಸರನ್ನು ಒಂದೇ ಉಸಿರಿಗೆ ಓದುತ್ತಿದ್ದಿರಲ್ಲ, ಅದಕ್ಕಾಗಿ ಆಕೆ ಅಲ್ಲಿ ಸೆರಗು ಹೊದ್ದು ಕೂಡುತ್ತಿದ್ದಳು. ನಂಬಿ ಕೂತವಳು ಆಕೆ. ನಾವು ಓದಿದವರು ಮಾತ್ರ. ಅಲ್ಲಿಂದ ಎದ್ದು ಬರುವಾಗ ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ನರಗುಂದದ ಬಸ್ಸು ಎದುರಿಗೆ ಬಂದಿದ್ದರೆ ಹತ್ತಿಬಿಡುತ್ತಿದ್ದೆ. ನಿಮ್ಮ ಮೊಣಕಾಲಿನ ಪುಣ್ಯ, ಬರಲಿಲ್ಲ.

ಡಿಸೆಂಬರ್ ಇಪ್ಪತ್ತಕ್ಕೆ ಆಕೆಗೆ ಉಸಿರು ಹತ್ತಿ ಇಳಿಯತೊಡಗಿತಂತೆ. ದೀನವ್ವನ ಹಾಡಿನ ಪುಸ್ತಕದ ಒಳರಟ್ಟಿನ ಮೇಲೆ ನಮ್ಮ ಮನೆಯ ನಂಬರು ಬರೆದಿತ್ತು. ಹೌದು, ನಾವು ಸತ್ಯವೇದದ ಪಕ್ಕದಲ್ಲಿ ಇಡುವ ಆ ಹಳೆಯ ಬಟನ್ ಫೋನಿನ ನಂಬರೇ. ಸಾಜೀದ ಮುಂಜಾನೆ ಫೋನ್ ಮಾಡಿದ್ದಾನೆ. ಎತ್ತಿದವರು, “ಮುಶಿಗೇರಿಯಿಂದ, ದೀನವ್ವನ ಮನಿ ಬಾಜೂಕಿಂದ” ಎನ್ನುವಷ್ಟರಲ್ಲಿ, “ಪ್ರಾರ್ಥನಾದಾಗ ಇಟ್ಟೀವಿ” ಎಂದು ಹೇಳಿ ಇಟ್ಟರಂತೆ. ಈ ಮಾತು ಯಾರ ಬಾಯಿಯದೆಂದು ನಿಮಗೆ ನಾನು ಹೇಳಿಕೊಡಬೇಕೆ? ಮರುದಿನ ಮುಂಜಾನೆ ಹಾಲು ಕುಡಿಸಲು ಹೋದಾಗ ಆಕೆ ಹೋಗಿದ್ದಳು. ಮತ್ತೆ ಮೂರು ಸಲ ಫೋನ್ ಮಾಡಿದರಂತೆ, ಯಾರೂ ಎತ್ತಲಿಲ್ಲ. ಎತ್ತುವವರು ಯಾರು? ಅವತ್ತು ನಾವೆಲ್ಲ ಕೆಂಪು ಟೊಪ್ಪಿಗೆ ಹಾಕಿಕೊಂಡು, ಕ್ರಿಸ್ತನು ಹುಟ್ಟಿದನೆಂದು ಹಾಡುತ್ತ, ಹನ್ನೊಂದು ಮನೆಗಳಿಗೆ ಹೋಗಿ ಕೇಕು ತಿನ್ನುತ್ತಿದ್ದೆವು. ಮೂರು ದಿನ ಬಿಟ್ಟು ಭಾನುವಾರ ಆಕೆ ಎದ್ದು ನಡೆದಾಡಲೆಂದು ಓದಿದೆವು. ಮರುದಿನ ಹಬ್ಬದ ಆರಾಧನೆಯಲ್ಲಿ ಇನ್ನೊಮ್ಮೆ ಓದಿದೆವು.

ಆ ಊರಿನಲ್ಲಿ ನಮ್ಮವರ ಮಸಣವಿಲ್ಲ. ಗುರುಸಂಗಪ್ಪ ತನ್ನ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಜಾಗ ಕೊಟ್ಟ. ಸಾಜೀದ ಮತ್ತು ಅವನ ಗೆಳೆಯರು ಅಗೆದರು. ನಿಮ್ಮ ಪದ್ಧತಿ ಏನು ಎಂದು ಕೇಳಲು ಯಾರೂ ಸಿಗಲಿಲ್ಲವೆಂದು ತಮಗೆ ತಿಳಿದಂತೆ ಮಾಡಿದರು. ಬಿಳಿ ಬಟ್ಟೆ ಸುತ್ತಿದರು, ಅರಿಸಿನ ಕುಂಕುಮ ಹಚ್ಚಬಾರದೆಂದು ಗುರುಸಂಗಪ್ಪನಿಗೆ ಹೇಗೋ ನೆನಪಿತ್ತು. ಏನಾದರೂ ಓದಬೇಕು ಎಂದು ದೀನವ್ವನ ತಲೆದಿಂಬಿನ ಕೆಳಗಿನ ಹೊಸ ಒಡಂಬಡಿಕೆಯನ್ನು ಗುರುಸಂಗಪ್ಪನ ಮೊಮ್ಮಗಳು ಪೂಜಾಳ ಕೈಗೆ ಕೊಟ್ಟರು. ಎಂಟನೆಯ ಇಯತ್ತೆ ಓದುವ ಹುಡುಗಿ. “ಪುಸ್ತಕ ಅಂದಮ್ಯಾಲ ಮೊದಲನೇ ಪಾನಾದಿಂದ ಓದಬೇಕಲ್ರಿ” ಎಂದು ನನಗೇ ಹೇಳಿದಳು. ಮೊದಲನೆಯ ಪುಟದಲ್ಲಿ ಏನಿದೆ ನಿಮಗೆ ಗೊತ್ತು: ವಂಶಾವಳಿ. ಇಂಥವನಿಂದ ಇಂಥವನು ಹುಟ್ಟಿದ, ಅವನಿಂದ ಇವನು ಹುಟ್ಟಿದ, ಹೆಸರುಗಳೇ ಹೆಸರುಗಳು. ಬಾಯಿಗೆ ಬಾರದ ಆ ಹೆಸರುಗಳನ್ನೆಲ್ಲ ಕೂಸು ಒಂದೂ ಬಿಡದೆ, ತಪ್ಪಿದ ಕಡೆ ಹಿಂದೆ ಹೋಗಿ ತಿದ್ದಿಕೊಂಡು ಓದಿದಳಂತೆ. ಊರವರು ಬಿಸಿಲಿನಲ್ಲಿ ಕೈಕಟ್ಟಿ ನಿಂತು ಕೇಳಿದರಂತೆ. ಕೇಳುವಾಗ ನನಗೆ ಮೊದಲು ನಗು ಬಂತು. ಆಮೇಲೆ ಖಾಜಾಬಿ ನೀರು ತರಬೇಕಾಯಿತು. ನಮ್ಮ ಪಟ್ಟಿಯನ್ನು ಎರಡು ವರ್ಷದಲ್ಲಿ ಒಂದು ಸಲವೂ ಯಾರೂ ಹಾಗೆ ಓದಿಲ್ಲ.

ಈಗ ಮೊನ್ನೆಯ ಭಾನುವಾರದ ಸುದ್ದಿ. ಪಟ್ಟಿ ಓದುವ ಹೊತ್ತಿಗೆ ಎದ್ದು ನಿಂತು, ಇದನ್ನು ಓದುವುದಿಲ್ಲ, ದೀನವ್ವ ಡಿಸೆಂಬರಿನಲ್ಲೇ ತೀರಿಕೊಂಡಿದ್ದಾಳೆ ಎಂದೆ. ಯಾರಾದರೂ ಅಳುತ್ತಾರೆ ಎಂದುಕೊಂಡಿದ್ದೆ. ಮೊದಲು ಬಾಯಿ ತೆಗೆದವನು ನಿಮ್ಮ ಯೋಬಪ್ಪ. “ಸತ್ತವರ ಸಲುವಾಗಿ ಪ್ರಾರ್ಥನಾ ಮಾಡೂದು ನಮ್ಮ ಬೋಧನಾದಾಗ ಇಲ್ಲಲ್ರಿ ಅಕ್ಕಾರ. ಎಂಟ ತಿಂಗಳ ತಪ್ಪ ಮಾಡೀವಿ. ಅಯ್ಯನವರ ಮುಂದ ಇದನ್ನ ಎತ್ತಬ್ಯಾಡ್ರಿ” ಎಂದ. ಅವನಿಗೆ ಹತ್ತಿದ ಚಿಂತೆ ಅದು! ಇನ್ನೊಬ್ಬಳು, ಹೆಸರು ಹೇಳುವುದಿಲ್ಲ, ನಿಮಗೆ ಬೇಕಾದವಳೇ, “ಹೋಗ್ಲಿ ಬಿಡ್ರಿ, ದೇವರು ಆ ಪ್ರಾರ್ಥನಾನ ಬ್ಯಾರೆ ಯಾರಿಗರೆ ಹಾಕಿರ್ತಾನ” ಎಂದಳು. ದಾರಿ ತಪ್ಪಿದ ಪಾರ್ಸಲ್ಲು ನೋಡಿ! ನಾನು ಆ ಪಟ್ಟಿಯನ್ನು ಎಲ್ಲರೆದುರಿಗೆ ಹರಿಯಲು ಹೋದೆ. ಹರಿಯಲಿಲ್ಲ. ನೀವು ಹೇಳಿದ್ದು ನಿಜ, ಲ್ಯಾಮಿನೇಶನ್ ಗಟ್ಟಿಯಾಗಿದೆ. ಮಡಚಿದೆ, ಮತ್ತೆ ನೆಟ್ಟಗಾಯಿತು. ಹಿಂದೆ ಕೂತ ಹುಡುಗಿಯರು ನಕ್ಕರು. ಅದನ್ನೇ ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಇಟ್ಟುಕೊಳ್ಳಿ.

ನಿಮ್ಮನ್ನು ಬೈಯುವಾಗ ನನಗೆ ಸುಖವಿಲ್ಲ. ನಾನು ಮದುವೆಯಾದ ಮನುಷ್ಯ ಹೀಗಿರಲಿಲ್ಲ, ಅದಕ್ಕೇ ಇಷ್ಟು ಹೊಟ್ಟೆ ಉರಿಯುವುದು. ಅಟ್ಲಾಸ್ ಸೈಕಲ್ಲಿನ ಹಿಂದೆ ನನ್ನನ್ನು ಕೂಡಿಸಿಕೊಂಡು ಸೂಡಿಗೆ ತುಳಿಯುತ್ತಿದ್ದಿರಿ. ಅಲ್ಲಿ ಕ್ಷಯವಾಗಿ ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದ ಆ ಮುದುಕನ ಗಡ್ಡ ಬೋಳಿಸಿ, ಉಗುರು ಕತ್ತರಿಸಿ ಬರುತ್ತಿದ್ದಿರಿ. ಅವನು ನಮ್ಮವನೂ ಆಗಿರಲಿಲ್ಲ. ನಾನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಜಗಳಾಡುತ್ತಿದ್ದಿರಿ. ಬರುವಾಗ ಏರಿನಲ್ಲಿ ನಾನು ಇಳಿದು ನಡೆಯಬೇಕು, ನೀವು ಸೈಕಲ್ಲು ತಳ್ಳಬೇಕು, ಇಬ್ಬರ ಹೊಟ್ಟೆಯೂ ಹಸಿದು ಚುರುಗುಡಬೇಕು. ಅಷ್ಟು ಸಂತೋಷವಾಗಿ ನಾನು ಆಮೇಲೆ ಎಂದೂ ಇರಲಿಲ್ಲ, ಇದನ್ನು ನಿಮಗೆ ಹಿಂದೆ ಹೇಳಿದ್ದೇನೋ ಇಲ್ಲವೋ. ಯಾವಾಗ ಬಿಟ್ಟೆವು ಎಂದು ಮೂರು ದಿನದಿಂದ ಹುಡುಕುತ್ತಿದ್ದೇನೆ, ಒಂದು ದಿನವೆಂದು ಸಿಗುತ್ತಿಲ್ಲ. ಸೈಕಲ್ಲು ಹೋಗಿ ಸ್ಕೂಟರು ಬಂತು, ಚಾಪೆ ಹೋಗಿ ಕುರ್ಚಿ ಬಂದವು, ದೇವಾಲಯಕ್ಕೆ ಟೈಲ್ಸ್ ಹಾಕಿಸಿದೆವು, ಸ್ಪೀಕರು ಇಟ್ಟೆವು. ಪ್ರತಿ ಸಲ ದೇವರು ಆಶೀರ್ವದಿಸಿದನೆಂದೆವು. ನಾವು ಕೆಟ್ಟವರಾಗಲಿಲ್ಲ, ಕೆಟ್ಟವರಾಗಿದ್ದರೆ ಯಾರಾದರೂ ಕಂಡು ಬೈಯುತ್ತಿದ್ದರು. ತಪ್ಪದೆ ಆರಾಧನೆಗೆ ಹೋದೆವು, ಹಾಡಿದೆವು, ಆಮೆನ್ ಅಂದೆವು, ಮನೆಗೆ ಬಂದು ಕೋಳಿ ಸಾರು ಉಂಡು ಮಲಗಿದೆವು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ಬೇರೆಯವರನ್ನು ಆಡಿಕೊಂಡು ನಗುತ್ತಿದ್ದ ಜನ ನಾವು.

ಆದ್ದರಿಂದ ನನ್ನ ಮಾತು ಇಷ್ಟು. ಕಾಲು ಊರಿ ನಡೆಯಲು ಬಂದ ಕೂಡಲೇ ಗಜೇಂದ್ರಗಡಕ್ಕೆ ಬರುವ ಮೊದಲು ಮುಶಿಗೇರಿಗೆ ಹೋಗಬೇಕು. ಕೋಲು ಹಿಡಿದುಕೊಂಡಾದರೂ ಸರಿ, ಸಾಜೀದನ ಟಂಟಂನಲ್ಲಾದರೂ ಸರಿ. ಆ ಬೇವಿನ ಮರದ ಕೆಳಗೆ ನಿಂತು, ಅಲ್ಲಿಯ ಜನರಿಗೆ ಕೈಮುಗಿದು, ನಮ್ಮ ಪದ್ಧತಿ ಹಾಗಲ್ಲ, ನಾವು ತಪ್ಪಿದೆವು ಎಂದು ನಿಮ್ಮ ಬಾಯಿಯಿಂದ ಹೇಳಬೇಕು. ಅದನ್ನು ಮಾಡಿದ ಮೇಲೂ ಶಾಲು ಹೊದೆಯುವ ಮನಸ್ಸಾದರೆ ಹೊದ್ದುಕೊಳ್ಳಿ, ನಾನು ಕೇಳುವುದಿಲ್ಲ. ಅದಕ್ಕೆ ಮೊದಲು ಹೊದ್ದರೆ, ಪಕ್ಕದ ಕುರ್ಚಿಯಲ್ಲಿ ನಾನು ಇರುವುದಿಲ್ಲ. ನಲವತ್ತು ವರ್ಷದಲ್ಲಿ ನಾನು ಹೀಗೆ ಹೇಳಿದ್ದು ಇದೇ ಮೊದಲು, ಹುಡುಗಾಟವಲ್ಲ.

ಮಾತ್ರೆ ಊಟವಾದ ಮೇಲೆ, ಮುಂಚೆ ಅಲ್ಲ. ಉಂಡಿಯ ಡಬ್ಬಿ ಮುಟ್ಟಬೇಡಿ. ಸುವಾರ್ತಾಳಿಗೆ, ಅಳಿಯನಿಗೆ ನನ್ನ ಆಶೀರ್ವಾದ ಹೇಳಿ; ಅವಳಿಗೆ ಶಾಲೆಯಿಂದ ಬಂದ ಕೂಡಲೇ ಏನಾದರೂ ತಿನ್ನಲು ಹೇಳಿ, ತೆಳ್ಳಗಾಗಿದ್ದಾಳೆ. ಇಷ್ಟೆಲ್ಲ ಬೈದರೂ ದಿನಾ ನಿಮ್ಮ ಕಾಲಿಗಾಗಿ ಬೇಡಿಕೊಳ್ಳುತ್ತೇನೆ, ಪಟ್ಟಿ ನೋಡದೆ. ದೇವರು ನಿಮ್ಮನ್ನು ನಡೆಸಲಿ, ಮೊದಲು ಮುಶಿಗೇರಿಗೆ ನಡೆಸಲಿ.

ನಿಮ್ಮ,
ಸಲೋಮಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಮ್ಮೆ ಓದಿದೆ. ಎಲ್ಲ ಕಡೆ ನೀವು, ನೀವು ಎಂದೇ ಬರೆದಿದ್ದೇನೆ. ಡಿಸೆಂಬರ್ ಇಪ್ಪತ್ತರ ಮುಂಜಾನೆ ಆ ಫೋನ್ ಎತ್ತಿದವಳು ನಾನು. ನೀವು ಪೇಟೆಗೆ ಹೋಗಿದ್ದಿರಿ. ಕರ್ಚಿಕಾಯಿ ಕರಿಯುತ್ತಿದ್ದೆ, ಎಣ್ಣೆ ಕಾದಿತ್ತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಆತ ಪೂರ್ತಿ ಹೇಳುವ ಮೊದಲೇ ನಿಮ್ಮ ಮಾತನ್ನು ಅಂದು ಇಟ್ಟುಬಿಟ್ಟೆ. ನಿಮಗೆ ಹೇಳುವುದನ್ನೂ ಮರೆತೆ. ಶನಿವಾರ ಸಾಜೀದ ಚಹಾ ಕೊಡುತ್ತ ನನ್ನನ್ನೇ ನೋಡಿದ. “ಅವತ್ತ ಫೋನಿನ್ಯಾಗ ಮಾತಾಡಿದ ಬಾಯಾರು ನೀವ ಏನ್ರಿ?” ಎಂದು ಕೇಳಿದ. “ನಾನಲ್ಲಪಾ” ಎಂದೆ. ಗುರುವನ್ನು ನಾನರಿಯೆ ಎಂದ ಶಿಷ್ಯನ ಕಥೆಯನ್ನು, ಆ ಕ್ಷಣಕ್ಕೆ ಕೂಗಿದ ಕೋಳಿಯ ಕಥೆಯನ್ನು ನೀವು ಪ್ರತಿ ಶುಭ ಶುಕ್ರವಾರ ಹೇಳುತ್ತೀರಿ, ನಾನು ಪ್ರತಿ ಸಲ ಅಳುತ್ತೇನೆ. ಖಾಜಾಬಿಯ ಅಂಗಳದಲ್ಲಿ ಆರೇಳು ಕೋಳಿಗಳಿದ್ದವು. ಒಂದೂ ಕೂಗಲಿಲ್ಲ, ಕಾಳು ಹೆಕ್ಕುತ್ತಿದ್ದವು. ನಾನು ಆ ಚಹಾ ಕುಡಿದು ಬಂದೆ. ಸೀರೆ ಬೇಡವೆಂದು ಯೋಬಪ್ಪನಿಗೆ ಹೇಳಿ ಕಳಿಸಿದ್ದೇನೆ. ನಾಳೆ ಒಂಬತ್ತರ ಬಸ್ಸಿಗೆ ಮುಶಿಗೇರಿಗೆ ಹೊರಟಿದ್ದೇನೆ, “ನಾನ ಎತ್ತಿದ್ದೆಪಾ” ಎಂದು ಸಾಜೀದನಿಗೆ ಹೇಳಿ ಬರುತ್ತೇನೆ.